ಲಗ್ನಪತ್ರಿಕೆಯಲ್ಲಿ ಆಯಿಯ ಹೆಸರು

(ಕಲಬುರಗಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಕವಿ ಬಂದಾನ, ಕ್ರಾಂತಿಯ ಮಾತಾಡ್ತಾನ ಅಂತ ನೀವು ಕುಂತಿರಬಹುದು. ನಾನು ಲಗ್ನಪತ್ರಿಕೆ ಬಗ್ಗೆ ಮಾತಾಡ್ಲಾಕ ಬಂದೀನಿ. ನಗಬ್ಯಾಡ್ರಿ. ಕೇರಿಯಲ್ಲಿ ನಾಲ್ಕಕ್ಷರ ಕಲಿತವರು ನಾವು. ಯಾರ ಮನೆಯ ಮದುವೆಯಾದರೂ ಪತ್ರಿಕೆ ಬರೆಯುವ ಕೆಲಸ ನಮ್ಮ ಕೊರಳಿಗೇ ಬೀಳುತ್ತದೆ. ಆ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ.

ನಮ್ಮೂರು ಕಮಲಾಪುರದ ಕಡೆ. ಅಕ್ಕನ ಮದುವೆ ಪತ್ರಿಕೆಯನ್ನು ಕಲಬುರಗಿಯ ಒಂದು ಪ್ರೆಸ್ಸಿನಲ್ಲಿ ಛಾಪಿಸಿದೆವು. ಮಜಕೂರು ಬರೆದವನು ನಾನು. ಆಗಷ್ಟೇ ಬಿ.ಎ. ಮುಗಿದಿತ್ತು. ಬಳಗದಲ್ಲಿ ಯಾರು ಮಾಸ್ತರು, ಯಾರು ಕಂಡಕ್ಟರು, ಯಾರು ವಕೀಲರು ಅಂತ ಹುಡುಕಿ ಹುಡುಕಿ ಡಿಗ್ರಿ ಸಮೇತ ಹಾಕಿದೆ. ಮನೆಗೆ ತಂದು ಓದಿ ಹೇಳಿದೆ. ಆಯಿ ಕೇಳಿದಳು: "ನನ್ನ ಹೆಸರು ಎಲ್ಲಿ ಅದ ಯಪ್ಪಾ?"

ಇರಲಿಲ್ಲ. ತೊಗರಿ ಕೊಯ್ಯಲು ಕೂಲಿಗೆ ಹೋಗಿ ನನ್ನ ಫೀಸು ಕಟ್ಟಿದ ಅತ್ತೆಯ ಹೆಸರೂ ಇರಲಿಲ್ಲ. ಅಪ್ಪನ ಹೆಸರು ಹಾಕಿ, ಅವನ ಜ್ಯೇಷ್ಠ ಪುತ್ರಿ ಅಂತ ಬರೆದು ಮುಗಿಸಿದ್ದೆ. ಹೆತ್ತ ಅವ್ವನ ಹೆಸರೂ ಇರಲಿಲ್ಲ. ಆಯಿ ಸಿಟ್ಟಾಗಲಿಲ್ಲ. "ಇರಲಿ ಬಿಡು, ನಂದೇನು ಬರೀತಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಇದು ನಮ್ಮ ಮನೆಯೊಂದರ ಮಾತಲ್ಲ. ಹಳ್ಳಿಯಲ್ಲಿ ಅಸ್ಪೃಶ್ಯರ ಮೇಲೆ ಹೇರಿದ ಕೆಲಸಗಳನ್ನು ಬಾಬಾಸಾಹೇಬರು ಪಟ್ಟಿ ಮಾಡಿದ್ದಾರೆ. ಸವರ್ಣರ ಮನೆಯ ಸಾವು, ಮದುವೆಯ ಸುದ್ದಿಯನ್ನು ಎಷ್ಟೇ ದೂರದ ಊರಿನ ನೆಂಟರಿಗಾದರೂ ಮುಟ್ಟಿಸುವುದು ಅದರಲ್ಲಿ ಒಂದು. ಅಂದರೆ ನಮ್ಮ ಮುತ್ಯಾಗಳೇ ಇನ್ನೊಬ್ಬರ ಲಗ್ನಪತ್ರಿಕೆಗಳಾಗಿ ನಡೆದರು. ಅವರ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಕರೆಯುವಾಗಲೂ ಹೆಸರಿನ ತುದಿಯ 'ಅಪ್ಪ' ಕಿತ್ತು 'ಯಾ' ಹಚ್ಚಿ ಕರೆದರು. ಅದಕ್ಕೇ ಹೇಳುತ್ತೇನೆ, ನಮ್ಮವರ ಹೆಸರನ್ನು ಪೂರ್ತಿ ಬರೆಯುವುದೇ ನಮ್ಮ ಮೊದಲ ಶಿಷ್ಟಾಚಾರ.

ಇನ್ನು ಬರೆಯುವ ರೀತಿ. ವಧುವಿಗೂ ವರನಿಗೂ ತಾಯಿ, ತಂದೆ ಇಬ್ಬರ ಹೆಸರು ಇರಲಿ. ಗಂಡ ಇದ್ದವಳಿಗೆ 'ಸೌ.', ಇಲ್ಲದವಳಿಗೆ 'ಗಂ. ಭಾ.' ಎಂಬ ಹಣೆಪಟ್ಟಿ ಬೇಡ, ಇಬ್ಬರಿಗೂ 'ಶ್ರೀಮತಿ' ಸಾಕು. 'ಸುಖಾಗಮನ ಬಯಸುವವರು' ಪಟ್ಟಿಯನ್ನು ನೌಕರಿ ನೋಡಿ ಬರೆಯಬೇಡಿ, ವಯಸ್ಸು ನೋಡಿ ಬರೆಯಿರಿ. ಜಾಗ ಸಾಲದಿದ್ದರೆ ಪ್ರಾಸದ ಪದ್ಯ ತೆಗೆದುಹಾಕಿ. ಕವಿಯಾಗಿ ನಾನೇ ಹೇಳ್ತೀನಿ!

ಮೇಲ್ಗಡೆ ಯಾವ ದೇವರು ಪ್ರಸನ್ನ ಅಂತ ಪ್ರೆಸ್ಸಿನವರು ಕೇಳುತ್ತಾರೆ. ಬುದ್ಧ, ಬಾಬಾಸಾಹೇಬ, ಮನೆದೇವರು, ಯಾವುದನ್ನು ಹಾಕಬೇಕು ಎಂಬುದನ್ನು ಹಿರಿಯರ ಜೊತೆ ಕುಂತು ಮಾತಾಡಿ. ಮಾದರಿ ಪುಸ್ತಕ ನೋಡಿ ನಕಲು ಮಾಡಬೇಡಿ. ಪಂಚಾಂಗವೂ ಕಡ್ಡಾಯವಲ್ಲ. ಜ್ಯೋತಿಬಾ ಫುಲೆ 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜ ಪುರೋಹಿತರಿಲ್ಲದೆ ಮದುವೆ ಮಾಡಿಸಿತು. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಂತೆ ಮಾಡಿದರು. ನಮ್ಮ ಬ್ಯಾಸಗಿ ಬಿಸಿಲಿನಲ್ಲಿ ಮಧ್ಯಾಹ್ನದ ಮುಹೂರ್ತ ಇಟ್ಟು ಮುದುಕರನ್ನು ಒಣಗಿಸುವುದಕ್ಕಿಂತ ಮುಂಜಾನೆ 9 ಗಂಟೆ ಅಂತ ಬರೆಯಿರಿ. ಹುಮನಾಬಾದ ರಸ್ತೆಯ ಬಸ್ಸು ಹತ್ತಿ ಎಲ್ಲಿ ಇಳಿಯಬೇಕು ಎಂಬುದನ್ನೂ ಬರೆಯಿರಿ.

ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆ ಕೇಳುತ್ತಾರೆ. ಆದ್ದರಿಂದ ಹೆಸರುಗಳು ಮಾರ್ಕ್ಸ್‌ಕಾರ್ಡಿನಲ್ಲಿ ಇದ್ದಂತೆಯೇ ಇರಲಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು ನೋಟಿಸು ಕೊಟ್ಟು 30 ದಿನ ಕಾಯಬೇಕು. ಅದನ್ನು ಲೆಕ್ಕ ಹಾಕಿಯೇ ತಾರೀಖು ಛಾಪಿಸಿ. ಮೆರವಣಿಗೆ ಇದ್ದರೆ ಅದನ್ನೂ ಧೈರ್ಯವಾಗಿ ಹಾಕಿ. ನಮ್ಮ ಮದುವೆ ಮೆರವಣಿಗೆ ತಡೆಯುವುದು, ಕುದುರೆ ಏರದಂತೆ ತಡೆಯುವುದು 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಅಪರಾಧ.

ಇನ್ನು ಹಂಚುವುದು. ಲಕೋಟೆಯ ಮೇಲೆ 'ಡ್ರೈವರ್ ಮನೆಯವರಿಗೆ' ಅಂತ ಬರೆಯಬೇಡಿ, ಗಂಡ ಹೆಂಡತಿ ಇಬ್ಬರ ಹೆಸರು ಬರೆಯಿರಿ. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರಿಗೆ ವಾಟ್ಸಾಪಿನಲ್ಲಿ ಕಳಿಸಿದರೂ ಫೋನು ಮಾಡಿ ಬಾಯಿತುಂಬ ಕರೆಯಿರಿ. ಕೇರಿಯೊಳಗೆ ಮಾತ್ರ ಮನೆ ಮನೆಗೆ ನಡೆದೇ ಹೋಗಿ. ಕುಂತು ನೀರು ಕುಡಿಯಿರಿ. ಓದಲು ಬಾರದವರಿಗೆ ಓದಿ ಹೇಳಿ, ಅವರ ಹೆಸರಿದ್ದಲ್ಲಿ ಬೆರಳಿಟ್ಟು ತೋರಿಸಿ.

ಊರವರನ್ನು ಕರೆಯಬೇಕೇ? ಕರೆಯೋಣ. ಕೈಯಲ್ಲಿ ತೆಗೆದುಕೊಂಡರೆ ಕೈಯಲ್ಲಿ ಕೊಡೋಣ. "ಕಟ್ಟಿ ಮ್ಯಾಲ ಇಟ್ಟು ಹೋಗು" ಅಂದರೆ ಪತ್ರಿಕೆ ಜೇಬಿನಲ್ಲೇ ವಾಪಸ್ ಬರಲಿ.

ನನ್ನ ತಪ್ಪು ಏನಾಯಿತು ಅಂತೀರಾ? ಮತ್ತೆ ಛಾಪಿಸಲು ದುಡ್ಡಿರಲಿಲ್ಲ. 300 ಪತ್ರಿಕೆ. ನಾನು, ಅಕ್ಕ ಎರಡು ರಾತ್ರಿ ಕುಂತು ನೀಲಿ ಪೆನ್ನಿನಿಂದ ಒಂದೊಂದರ ಮೇಲೂ ಮೂರು ಹೆಸರು ಬರೆದೆವು: ಆಯಿ, ಅವ್ವ, ಅತ್ತೆ. ಅಕ್ಷರ ಸೊಟ್ಟಗಿದ್ದವು. ಆಯಿ ಒಂದು ಪತ್ರಿಕೆಯನ್ನು ಮಡಚಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು: "ಇದು ನಾನು."

ನಾಳೆ ನೀವು ಪೆನ್ನು ಹಿಡಿದಾಗ ಮೊದಲು ಮನೆಯ ಮುದುಕಿಯ ಹೆಸರು ಕೇಳಿರಿ. ಪೂರ್ತಿ ಹೆಸರು ಕೇಳಿರಿ.

ಜೈ ಭೀಮ್.