ವಿಶ್ವವಿದ್ಯಾನಿಲಯದ ದನಿ ನಮ್ಮ ಜಗಲಿಗೆ ಬರಲಿ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವೇದಿಕೆಯಿಂದ ಪರೀಕ್ಷೆಯ ಫಲಿತಾಂಶವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ನಮ್ಮ ವಾಡಿಕೆ. ಈ ಸಲ ಫಲಿತಾಂಶದ ಮುಂದಣ ದಾರಿಯನ್ನು ಕುರಿತು ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮಲ್ಲಿ ಕಲಿತು, ಹನ್ನೆರಡನೆಯ ತರಗತಿಯನ್ನು ಚೆನ್ನಾಗಿ ಮುಗಿಸಿದ ಒಬ್ಬ ವಿದ್ಯಾರ್ಥಿನಿ ಪದವಿ ತರಗತಿಗೆ ಸೇರಲು ಬಯಸಿದ್ದಳು. ಒಂದು ವಿದ್ಯಾಸಂಸ್ಥೆಯ ಪ್ರಕಟಣೆ ಅವಳ ಮನೆಯ ಫೋನಿಗೆ ಬಂದಿತ್ತು. ಆದರೆ ಅದು ಮಸುಕಾದ ಚಿತ್ರ. ಭಾಷೆ ಕಚೇರಿಯ ಇಂಗ್ಲಿಷು. ಕೊನೆಯ ದಿನ ಯಾವುದೆಂದು ತಿಳಿಯುವಷ್ಟರಲ್ಲಿ ಆ ದಿನ ಕಳೆದುಹೋಗಿತ್ತು. ನಮ್ಮನ್ನು ಕೇಳಲು ಅವಳು ಸಂಕೋಚಪಟ್ಟಳು. ನಾವಾಗಿ ವಿಚಾರಿಸಲೂ ಇಲ್ಲ. ಅವಳ ಒಂದು ವರ್ಷ ವ್ಯರ್ಥವಾಯಿತು. ಕಾಗದ ಮನೆಗೆ ತಲುಪಿತ್ತು, ಅರ್ಥ ತಲುಪಿರಲಿಲ್ಲ.

ಜನರ ಬಳಿಗೆ ಹೋಗುವುದು ವಿಶ್ವವಿದ್ಯಾನಿಲಯಗಳಿಗೆ ಹೊಸ ಕೆಲಸವೇನೂ ಅಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಮುಂದೆ ತನ್ನ ಅಧ್ಯಾಪಕರನ್ನು ಊರೂರುಗಳಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಆ ಉಪನ್ಯಾಸಗಳನ್ನು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿತು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರ ಕಾಲದಲ್ಲಿ ಈ ಕಾರ್ಯ ‘ಪ್ರಸಾರಾಂಗ’ವೆಂಬ ಹೆಸರಿನಲ್ಲಿ ಬಲಗೊಂಡಿತು. ಅದಕ್ಕೂ ಮೊದಲು, 1935ರ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ನಾಡಿಗೆ ಹಬ್ಬಿತು.

ಇಂದು ಆ ಪ್ರಾಧ್ಯಾಪಕರ ಸ್ಥಾನದಲ್ಲಿರುವವರಿಗೆ ಪ್ರಸಾರಯಂತ್ರವೂ ಬೇಡ, ಎತ್ತಿನ ಗಾಡಿಯೂ ಬೇಡ. ಬ್ಲಾಗು, ಯೂಟ್ಯೂಬು, ಫೇಸ್‌ಬುಕ್ಕು, ವಾಟ್ಸಾಪುಗಳಿವೆ. ಅಮೆರಿಕೆಯ ಎಂ.ಐ.ಟಿ. 2001ರಲ್ಲಿ ತನ್ನ ಪಾಠಸಾಮಗ್ರಿಯನ್ನು ಅಂತರ್ಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ನೀಡುವುದಾಗಿ ಸಾರಿತು. ನಮ್ಮ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಇಂದು ನಮ್ಮೂರಿನ ಜಗಲಿಯಲ್ಲಿ ಕುಳಿತೇ ಕೇಳಬಹುದು. 1956ರ ನವೆಂಬರ್ 1ರಿಂದ ನಮ್ಮ ಕಾಸರಗೋಡು ಕೇರಳದಲ್ಲಿದೆ. ಮೈಸೂರು, ಮಂಗಳೂರು, ಹಂಪಿಗಳ ವಿಶ್ವವಿದ್ಯಾನಿಲಯಗಳಿರುವುದು ಕರ್ನಾಟಕದಲ್ಲಿ. ಆದರೆ ಬ್ಲಾಗಿನ ಬರಹಕ್ಕೆ ತಲಪಾಡಿಯಲ್ಲಿ ತಪಾಸಣೆಯಿಲ್ಲ.

ಆದರೂ ದೀಪದ ಬುಡದಲ್ಲಿ ಕತ್ತಲೆಯೆಂಬಂತೆ, ಬಹಳ ಕಡೆ ಈ ಸಾಧನಗಳು ಸನ್ಮಾನದ ಭಾವಚಿತ್ರಗಳಿಗೇ ಮೀಸಲಾಗಿವೆ. ಜನರು ಬಯಸುವುದು ಬೇರೆ. ಒಂದು ಉದಾಹರಣೆಯನ್ನು ನೋಡೋಣ. ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಗಳಿಗೆ ಮಹಾಳಿ ರೋಗ ತಗಲುತ್ತದೆ. ಒಬ್ಬ ಪ್ರಾಧ್ಯಾಪಕರು ಅದನ್ನು ಕುರಿತು ಕನ್ನಡದಲ್ಲಿ ಒಂದು ಪುಟ ಬರೆಯಲಿ: ರೋಗ ಹೇಗೆ ಹಬ್ಬುತ್ತದೆ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿ ಬೋರ್ಡೋ ದ್ರಾವಣವಾಗುವುದು ಹೇಗೆ, ಮಳೆ ಹಿಡಿಯುವ ಮುನ್ನವೇ ಮೊದಲ ಸಿಂಪಡಣೆ ಏಕೆ ಆಗಬೇಕು. ತೋಟದವನು ಅದನ್ನು ಓದುತ್ತಾನೆ, ನೆರೆಯವನಿಗೂ ಕಳುಹಿಸುತ್ತಾನೆ. ಸಂಶಯ ಬಂದರೆ ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ದೊರೆತ ದಿನವೇ ವಿಶ್ವವಿದ್ಯಾನಿಲಯ ಅವನ ಪಾಲಿಗೆ ನಿಜವಾಗಿ ತೆರೆಯಿತೆಂದು ನಾವು ತಿಳಿಯುತ್ತೇವೆ.

ಆದುದರಿಂದ ವಿಶ್ವವಿದ್ಯಾನಿಲಯಗಳಲ್ಲಿ ನಮ್ಮ ವಿನಂತಿ ಇಷ್ಟು: ತಿಳಿಗನ್ನಡದಲ್ಲಿ ಬರೆಯಿರಿ; ಬರೆದವರ ಹೆಸರನ್ನೂ ದಿನಾಂಕವನ್ನೂ ಕಾಣಿಸಿರಿ; ಪ್ರಕಟಣೆಯನ್ನು ಚಿತ್ರವಾಗಿ ಮಾತ್ರವಲ್ಲದೆ ಅಕ್ಷರವಾಗಿಯೂ ಹಾಕಿರಿ, ಹುಡುಕಿದವರಿಗೆ ಸಿಗುತ್ತದೆ; ತಪ್ಪಾದರೆ ಬಹಿರಂಗವಾಗಿ ತಿದ್ದಿರಿ; ನಿಮ್ಮ ವಿದ್ಯಾರ್ಥಿಗಳಿಗೂ ಬರೆಯುವ ಅವಕಾಶ ಕೊಡಿರಿ. ತಮ್ಮಂತಹ ಹಳ್ಳಿಯ ಹುಡುಗಿಯೊಬ್ಬಳು ಅಲ್ಲಿ ಓದುತ್ತಿದ್ದಾಳೆಂದು ತಿಳಿದರೆ ನಮ್ಮ ಮಕ್ಕಳಿಗೆ ಧೈರ್ಯ ಬರುತ್ತದೆ.

ನಮ್ಮ ಕರ್ತವ್ಯವೂ ಉಂಟು. ಪಾಲಕರೇ, ಫೋನು ಮಕ್ಕಳನ್ನು ಕೆಡಿಸುತ್ತದೆಂಬ ನಿಮ್ಮ ಅಂಜಿಕೆ ನಿರಾಧಾರವಲ್ಲ. ಆದರೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕಿಂತ, ವಾರಕ್ಕೊಮ್ಮೆ ಮಕ್ಕಳೊಡನೆ ಕುಳಿತು ಒಂದು ಒಳ್ಳೆಯ ಪಾಠವನ್ನು ಕೇಳುವುದು ಮೇಲು. ಯಾರು ಬರೆದರೆಂದು ತಿಳಿಯದ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿರಿ. ವಿದ್ಯಾರ್ಥಿಗಳೇ, ಕೇಳಲು ನಾಚಬೇಡಿರಿ. ಬರುವ ಜೂನ್ ತಿಂಗಳಿನಿಂದ ಉನ್ನತ ಶಿಕ್ಷಣದ ಪ್ರಕಟಣೆಗಳನ್ನು ನಾವೇ ಕನ್ನಡಕ್ಕೆ ತಂದು, ಕೊನೆಯ ದಿನಾಂಕಸಹಿತ ಶಾಲೆಯ ಫಲಕದಲ್ಲಿ ಬರೆಯಿಸುತ್ತೇವೆ. ಈ ಕೆಲಸಕ್ಕೆ ಮೊದಲು ಮುಂದೆ ಬಂದವಳು ಅದೇ ವಿದ್ಯಾರ್ಥಿನಿ. ಮರುವರ್ಷ ಕಾಲೇಜು ಸೇರಿದ ಅವಳು ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾಳೆ.