ಲೆಕ್ಕಕ್ಕೆ ಸಿಕ್ಕದ ನೋವು



ವ್ಯಾಕರಣ ಪಾಠ ಹೇಳುವ ಮಾಸ್ತರನಿಗೆ ವೈದ್ಯರ ಅಂಕಿ-ಅಂಶಗಳ ಗೊಡವೆಯೇಕೆ ಎಂದು ತಾವು ಕೇಳಬಹುದು. ಗುರುತನ್ನೇ ವಸ್ತುವೆಂದು ಬಗೆಯುವ ತಪ್ಪನ್ನು ತಿದ್ದುವುದು ನನ್ನ ಕಸುಬು. ಅಂಥದೇ ತಪ್ಪನ್ನು ಅಮೆರಿಕದ ಗಣಕಯಂತ್ರವೊಂದು ಮಾಡಿದುದನ್ನು ಓದಿದೆನು. ಅದನ್ನೇ ಇಂದು ಅರಿಕೆ ಮಾಡಿಕೊಳ್ಳುವೆನು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಜಿಯಾದ್ ಓಬರ್ಮೇಯರ್ ಅವರು ವೈದ್ಯರೂ ಹೌದು, ಸಂಶೋಧಕರೂ ಹೌದು. ಅವರೂ ಮೂವರು ಸಹೋದ್ಯೋಗಿಗಳೂ ೨೦೧೯ ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಯಾವ ರೋಗಿಗೆ ವಿಶೇಷ ಆರೈಕೆ ಬೇಕೆಂದು ಆರಿಸಲು ಅಲ್ಲಿನ ಆಸ್ಪತ್ರೆಗಳು ಗಣಕಯಂತ್ರದ ಸೂತ್ರವೊಂದನ್ನು ನಂಬಿದ್ದುವು. ಅದು ಪ್ರತಿಯೊಬ್ಬನಿಗೂ ಒಂದು ಅಂಕವನ್ನು ಕೊಡುತ್ತಿತ್ತು. ಒಂದು ದೊಡ್ಡ ಆಸ್ಪತ್ರೆಯ ೪೩,೫೩೯ ಬಿಳಿಯರ ಹಾಗೂ ೬,೦೭೯ ಕಪ್ಪುಜನರ ದಾಖಲೆಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಸಮಾನ ಅಂಕ ಪಡೆದವರಲ್ಲಿ ಕಪ್ಪುಜನರೇ ಹೆಚ್ಚು ರೋಗಪೀಡಿತರಾಗಿದ್ದರು! ಸೂತ್ರಕ್ಕೆ ಯಾರ ಜನಾಂಗವನ್ನೂ ತಿಳಿಸಿರಲೇ ಇಲ್ಲವೆಂಬುದು ಇನ್ನೂ ವಿಚಿತ್ರ.

ದೋಷವಿದ್ದುದು ಪ್ರಶ್ನೆಯಲ್ಲಿ. ಯಾರು ಹೆಚ್ಚು ನರಳುವರೆಂದು ಕೇಳಬೇಕಾದಲ್ಲಿ, ಮುಂದೆ ಯಾರಿಗಾಗಿ ಹೆಚ್ಚು ಹಣ ವೆಚ್ಚವಾಗುವುದೆಂದು ಕೇಳಿದ್ದರು. ವೆಚ್ಚದ ಲೆಕ್ಕ ಕೈಗೆ ಸುಲಭವಾಗಿ ಸಿಕ್ಕುವುದಷ್ಟೆ. ಆದರೆ ಬಡತನದಿಂದಲೋ ಅಪನಂಬಿಕೆಯಿಂದಲೋ ಆಸ್ಪತ್ರೆಯ ಮೆಟ್ಟಿಲೇರದವನಿಗೆ ವೆಚ್ಚವೆಲ್ಲಿ? ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿ. ಹೊಗೆಯಿಲ್ಲವೆಂದು ಬೆಂಕಿಯೇ ಇಲ್ಲವೆನ್ನಲಾಗದು. ಕಾದ ಕಬ್ಬಿಣದ ಗುಂಡನ್ನು ನಮ್ಮ ತಾರ್ಕಿಕರು ಇದಕ್ಕೇ ಉದಾಹರಿಸಿರುವರು.

ತಪ್ಪನ್ನು ತಿದ್ದಿದಲ್ಲಿ ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪುಜನರ ಪಾಲು ಶೇಕಡಾ ೧೭.೭ ರಿಂದ ೪೬.೫ ಕ್ಕೆ ಏರುವುದೆಂದು ಸಂಶೋಧಕರು ತೋರಿಸಿದರು. ಬರಿದೆ ದೂರಿ ಸುಮ್ಮನಾಗಲಿಲ್ಲ. ಸೂತ್ರವನ್ನು ತಯಾರಿಸಿದವರೊಡನೆಯೇ ಕುಳಿತು, ವೆಚ್ಚದ ಜೊತೆಗೆ ರೋಗದ ಲೆಕ್ಕವನ್ನೂ ಕೂಡಿಸಿ ಪರೀಕ್ಷಿಸಿದರು. ಪಕ್ಷಪಾತವು ಶೇಕಡಾ ೮೪ ರಷ್ಟು ತಗ್ಗಿತು. ನನಗೆ ಹೆಚ್ಚು ಮೆಚ್ಚಿಗೆಯಾದುದು ಇದೇ.

ನಮ್ಮ ದೇಶದಲ್ಲಿಯೂ ೨೦೨೧ ರಲ್ಲಿ ಹದಿನಾಲ್ಕು ಅಂಕಿಗಳ ಆರೋಗ್ಯ ಸಂಖ್ಯೆ ದೇಶವ್ಯಾಪಿಯಾಯಿತು. ಕಾಸರಗೋಡಿನ ರೋಗಿ ಮಂಗಳೂರಿಗೆ ಹೋದರೆ ಅವನ ದಾಖಲೆಯೂ ಅವನ ಬೆನ್ನಿಗೆ ಬರಲೆಂಬ ಉದ್ದೇಶ ಒಳ್ಳೆಯದೇ. ಆದರೆ ೨೦೨೦ ರ ಮಾರ್ಚ್ ತಿಂಗಳಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರನ್ನು ತಲಪಲಾರದೆ ಮನೆಯಲ್ಲಿಯೇ ಉಳಿದ ರೋಗಿಗಳನ್ನು ತಾವಾರೂ ಮರೆತಿರಲಾರಿರಿ. ಆ ದಿನಗಳಲ್ಲಿ ಮಂಗಳೂರಿನ ಲೆಕ್ಕದಲ್ಲಿ ಅವರ ವೆಚ್ಚ ಸೊನ್ನೆ. ಆ ಸೊನ್ನೆಯನ್ನು ಮಾತ್ರ ಓದುವ ಯಂತ್ರವು ಅವರೆಲ್ಲರನ್ನೂ ಆರೋಗ್ಯವಂತರೆಂದೇ ಬಗೆದೀತು.