ವೃತ್ತಿ ಬದಲಿಸಿ ವೈದ್ಯರಾಗುವವರಿಗೆ



ನಮ್ಮಲ್ಲಿ ವೈದ್ಯರಾಗುವ ನಿರ್ಧಾರ ಹದಿನಾರು ಹದಿನೇಳನೆಯ ವಯಸ್ಸಿಗೇ ಆಗಿಬಿಡುತ್ತದೆ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಬಿಟ್ಟವರು ಬಹುಮಟ್ಟಿಗೆ ಆ ದಾರಿಯನ್ನೇ ಬಿಟ್ಟಂತೆ. ಅಮೆರಿಕದಲ್ಲಿ ಕ್ರಮ ಬೇರೆ. ಅಲ್ಲಿ ವೈದ್ಯಕೀಯ ಕಾಲೇಜಿಗೆ ಸೇರುವುದು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆ. ಆ ಪದವಿ ಇತಿಹಾಸದ್ದಾಗಿರಬಹುದು, ಸಂಗೀತದ್ದಾಗಿರಬಹುದು, ಕಂಪ್ಯೂಟರಿನದೂ ಆಗಿರಬಹುದು. ಆದುದರಿಂದ ಮೂವತ್ತು ದಾಟಿದ ಶಿಕ್ಷಕರು, ಎಂಜಿನಿಯರರು ವೈದ್ಯರಾಗಲು ಹೊರಡುವುದುಂಟು. ಅಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲೂ ಈ ಮಾತು ಬಂದಾಗ ಇಲ್ಲಿರುವ ತಂದೆತಾಯಿಗಳಿಗೆ ಆತಂಕವಾಗುವುದು ಸಹಜ: “ಒಳ್ಳೆಯ ನೌಕರಿ ಬಿಟ್ಟು ಮತ್ತೆ ಓದುವುದೇ?”

ಪದವಿ ಯಾವುದೇ ಇರಲಿ, ಜೀವಶಾಸ್ತ್ರ, ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಗಳನ್ನು ಪ್ರಯೋಗಾಲಯ ಸಹಿತ ಓದಿರಬೇಕೆಂದು ಬಹಳಷ್ಟು ವೈದ್ಯಕೀಯ ಕಾಲೇಜುಗಳು ಕೇಳುತ್ತವೆ. ಈ ಪದ್ಧತಿಗೆ ಹಳೆಯ ಬೇರುಗಳಿವೆ. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪದವಿಯನ್ನು ಕಡ್ಡಾಯ ಮಾಡಿತು. 1910ರ ಅಬ್ರಹಾಂ ಫ್ಲೆಕ್ಸ್ನರ್ ವರದಿ ಮೂಲ ವಿಜ್ಞಾನಗಳಿಗೆ ಒತ್ತು ಕೊಟ್ಟಿತು. ವಿಜ್ಞಾನ ಓದದೆ ಪದವಿ ಪಡೆದವರಿಗೆ ಈ ಕೊರತೆ ತುಂಬಿಸಿಕೊಡುವುದೇ ಪೋಸ್ಟ್ ಬ್ಯಾಕಲೋರಿಯೆಟ್, ಅಂದರೆ ಪದವಿಯ ನಂತರದ ಪೂರ್ವಸಿದ್ಧತಾ ಕೋರ್ಸು. ಕೊಲಂಬಿಯ ವಿಶ್ವವಿದ್ಯಾಲಯ ಇಂಥದನ್ನು 1955ರಲ್ಲಿ ತೆರೆಯಿತು. ಬ್ರಿನ್ ಮಾರ್, ಗೌಚರ್, ಸ್ಕ್ರಿಪ್ಸ್ ಕಾಲೇಜುಗಳ ಕೋರ್ಸುಗಳೂ ಹೆಸರಾದವು. ಅವಧಿ ಒಂದರಿಂದ ಎರಡು ವರ್ಷ. ಇದರಿಂದ ವೈದ್ಯಕೀಯ ಸೀಟು ಖಚಿತವಾಗುವುದಿಲ್ಲ, ಅದಕ್ಕೆ ಅರ್ಹತೆ ಮಾತ್ರ ಬರುತ್ತದೆ ಎಂಬುದನ್ನು ಮರೆಯಬಾರದು.

ಇವುಗಳಲ್ಲಿ ಎರಡು ಬಗೆ. ಒಂದು, ವಿಜ್ಞಾನ ಓದದೇ ಇದ್ದವರಿಗೆ, ಎಂದರೆ ವೃತ್ತಿ ಬದಲಿಸುವವರಿಗೆ. ಇನ್ನೊಂದು, ವಿಜ್ಞಾನ ಓದಿದ್ದರೂ ಅಂಕ ಸಾಲದವರಿಗೆ. ನಮಗೆ ಯಾವುದು ಸಲ್ಲುತ್ತದೆಂದು ಮೊದಲು ತಿಳಿಯಬೇಕು. ಉತ್ಸಾಹದಿಂದ ಸಂಜೆ ಕಾಲೇಜಿನಲ್ಲಿ ಮೂರು ನಾಲ್ಕು ವಿಜ್ಞಾನ ವಿಷಯ ಮುಗಿಸಿಬಿಟ್ಟವರಿಗೆ ಮೊದಲನೆಯ ಬಗೆಯ ಬಾಗಿಲು ಮುಚ್ಚಿಹೋಗಬಹುದು. ಒಂದು ವಿಷಯ ಓದಿ ತಮ್ಮ ಶಕ್ತಿಯನ್ನು ಪರೀಕ್ಷಿಸಿಕೊಂಡರೆ ಸಾಕು.

ಪ್ರವೇಶ ಸಮಿತಿ ಏನನ್ನು ನೋಡುತ್ತದೆ? ಹಿಂದಿನ ಪದವಿಯ ಅಂಕಗಳನ್ನು, ಶಿಫಾರಸು ಪತ್ರಗಳನ್ನು, ಅಭ್ಯರ್ಥಿ ಬರೆದ ಪ್ರಬಂಧವನ್ನು. ಇವುಗಳ ಹಿಂದೆ ಇರುವ ಪ್ರಶ್ನೆ ಒಂದೇ: ಈತನಿಗೆ, ಈಕೆಗೆ ವೈದ್ಯರ ದಿನಚರಿ ಗೊತ್ತೇ? ಹಳೆಯ ಕೆಲಸ ಬೇಸರವಾಯಿತೆಂಬುದು ಉತ್ತರವಾಗದು. ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗಿ ದುಡಿದವರು, ವೈದ್ಯರ ಜೊತೆಗಿದ್ದು ಕೆಲಸ ನೋಡಿದವರು, ಮರಣಶಯ್ಯೆಯಲ್ಲಿರುವವರ ಬಳಿ ಕುಳಿತವರು ತಮ್ಮ ನಿರ್ಧಾರವನ್ನು ಅನುಭವದಿಂದ ಹೇಳಬಲ್ಲರು. ಹಳೆಯ ವೃತ್ತಿಯನ್ನು ಹೀಗಳೆಯಬೇಕಾಗಿಯೂ ಇಲ್ಲ. ಮಕ್ಕಳಿಗೆ ಪಾಠ ಹೇಳಿದ ತಾಳ್ಮೆ, ಲೆಕ್ಕಪತ್ರ ನೋಡಿದ ಶಿಸ್ತು ಇಲ್ಲೂ ಬಂಡವಾಳವೇ.

ಈಗ ಕಾಲದ ಲೆಕ್ಕ. ಮೂವತ್ತಕ್ಕೆ ಆರಂಭಿಸಿದರೆ ಪೂರ್ವಸಿದ್ಧತೆಗೆ ಎರಡು ವರ್ಷ, ಅದರೊಳಗೇ ಎಂಕ್ಯಾಟ್ ಪ್ರವೇಶ ಪರೀಕ್ಷೆ. ಅರ್ಜಿ ಹಾಕಿ ಕಾಯಲು ಒಂದು ವರ್ಷ. ವೈದ್ಯಕೀಯ ಕಾಲೇಜು ನಾಲ್ಕು ವರ್ಷ. ರೆಸಿಡೆನ್ಸಿ ಎಂಬ ವೇತನ ಸಹಿತ ತರಬೇತಿ ಕನಿಷ್ಠ ಮೂರು ವರ್ಷ. ಒಟ್ಟು ಹತ್ತು ವರ್ಷ. ಕೆಲವು ಕೋರ್ಸುಗಳಿಗೆ ನಿರ್ದಿಷ್ಟ ವೈದ್ಯಕೀಯ ಕಾಲೇಜುಗಳೊಡನೆ ಒಪ್ಪಂದವಿದ್ದು, ಅರ್ಹರಿಗೆ ಕಾಯುವ ವರ್ಷ ಉಳಿಯುತ್ತದೆ.

ಹಣದ ಲೆಕ್ಕ ಇನ್ನೂ ಕಠಿಣ. 2025ರ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯ ವಿದ್ಯಾರ್ಥಿಗೆ ಅಲ್ಲಿನ ಕೇಂದ್ರ ಸರಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರಿಗೆ ಸೀಮಿತ. ಹೆಸರಾದ ಕಾಲೇಜಿಗೇ ಹೋಗಬೇಕೆಂದಿಲ್ಲ. ಸಮೀಪದ ಸರಕಾರಿ ವಿಶ್ವವಿದ್ಯಾಲಯದಲ್ಲಿ ಬಿಡಿಬಿಡಿಯಾಗಿ ವಿಷಯಗಳನ್ನು ಓದಿ ಅರ್ಜಿ ಹಾಕುವವರೂ ಇದ್ದಾರೆ. ಖರ್ಚು ಕಡಿಮೆಯಾಗುತ್ತದೆ, ಆದರೆ ಮಾರ್ಗದರ್ಶನವನ್ನು ತಾವೇ ಹುಡುಕಿಕೊಳ್ಳಬೇಕು.

ಭಾರತದಲ್ಲಿ ಪದವಿ ಪಡೆದು ಹೋದವರು ಇನ್ನೆರಡು ಸಂಗತಿ ಗಮನಿಸಬೇಕು. ಬಹುಪಾಲು ಎಂ.ಡಿ. ಕಾಲೇಜುಗಳಿಗೆ ಅರ್ಜಿ ಒಯ್ಯುವ ಅಲ್ಲಿನ ಕೇಂದ್ರೀಯ ವ್ಯವಸ್ಥೆ ವಿದೇಶದ ಅಂಕಪಟ್ಟಿಯನ್ನು ಪರಿಶೀಲಿಸಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗಾಗಿ ಅಲ್ಲಿ ಮತ್ತಷ್ಟು ವರ್ಷ ಓದಬೇಕಾಗಬಹುದು. ಎರಡನೆಯದು, ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದವರನ್ನು ಅನೇಕ ವೈದ್ಯಕೀಯ ಕಾಲೇಜುಗಳು ಸೇರಿಸಿಕೊಳ್ಳುವುದಿಲ್ಲ. ನೌಕರಿಗೆ ರಾಜೀನಾಮೆ ಕೊಡುವ ಮೊದಲೇ ಸಂಬಂಧಪಟ್ಟ ಕಾಲೇಜುಗಳಿಂದ ಇದನ್ನು ಬರೆಹದಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಹಾಗಾದರೆ ಮಗ, ಮಗಳು, ಸೊಸೆ ಇಂಥ ಮಾತೆತ್ತಿದಾಗ ಹಿರಿಯರು ಏನು ಕೇಳಬೇಕು? “ಇಷ್ಟು ವಯಸ್ಸಾದ ಮೇಲೆ ಏಕೆ?” ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. “ಆಸ್ಪತ್ರೆಯಲ್ಲಿ ಎಷ್ಟು ದಿನ ಕಳೆದೆ, ಅಲ್ಲಿ ಏನು ಕಂಡೆ? ಹತ್ತು ವರ್ಷದ ಖರ್ಚಿಗೆ ಏನು ದಾರಿ ಮಾಡಿಕೊಂಡಿದ್ದೀಯ?” ಎಂದು ಕೇಳಿ. ಪ್ರವೇಶ ಸಮಿತಿಯ ಮುಂದೆ ಅವರು ಉತ್ತರಿಸಬೇಕಾದದ್ದೂ ಹೆಚ್ಚು ಕಡಿಮೆ ಇದನ್ನೇ. ಸ್ಪಷ್ಟ ಉತ್ತರ ಬಂದರೆ ಹರಸಿ ಕಳುಹಿಸಿ. ಬಾರದಿದ್ದರೆ ಇನ್ನೊಂದು ವರ್ಷ ನೌಕರಿಯಲ್ಲಿದ್ದುಕೊಂಡೇ ಉತ್ತರ ಹುಡುಕಲಿ.